ಎರಡು ಕೋಡಿಯ ಕೆರೆ

(ನಮ್ಮೂರಿನ ಗ್ರಂಥಾಲಯದ ಹಾಲ್‌ನಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ನಡುವೆ ಕೇಳಿದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಇಷ್ಟು ಜನ ಬರುತ್ತೀರಿ ಅಂದುಕೊಂಡಿರಲಿಲ್ಲ. ಕರೆಂಟ್ ಹೋದರೂ ಪರವಾಗಿಲ್ಲ, ನನ್ನ ಹತ್ತಿರ ತೋರಿಸೋಕೆ ಇರುವುದು ನಾಲ್ಕೇ ಫೋಟೋ.

ಮೊದಲು ಒಂದು ಪ್ರಶ್ನೆ. ಒಂದು ಕೆರೆಗೆ ಎಷ್ಟು ಕೋಡಿ ಇರುತ್ತವೆ? ಒಂದು. ಕೆಲವು ದೊಡ್ಡ ಕೆರೆಗಳಿಗೆ ಎರಡು ಇರುತ್ತವೆ ಅಂತ ಹಿಂದಿನ ಸಾಲಿನಿಂದ ಯಾರೋ ಹೇಳಿದರು. ನಿಜ. ಆದರೆ ಆ ಎರಡು ಕೋಡಿಯ ನೀರೂ ಸ್ವಲ್ಪ ಕೆಳಗೆ ಹೋಗಿ ಒಂದೇ ಹಳ್ಳ ಸೇರುತ್ತದೆ, ಅಲ್ವಾ? ನಾನು ಇವತ್ತು ಹೇಳಹೊರಟಿರುವ ಕೆರೆಗೆ ಎರಡು ಕೋಡಿ. ಒಂದು ಕೋಡಿಯ ನೀರು ಅಟ್ಲಾಂಟಿಕ್ ಕಡೆಗೆ, ಇನ್ನೊಂದರದು ಪೆಸಿಫಿಕ್ ಕಡೆಗೆ. ಕೆರೆ ಎಷ್ಟು ದೊಡ್ಡದು ಅಂತ ಕೇಳಿದರೆ ನಗುತ್ತೀರಿ. ನಾವು ಕಾರಿನಲ್ಲಿ ಅದನ್ನು ದಾಟಿ ಹೋದದ್ದೇ ಗೊತ್ತಾಗಲಿಲ್ಲ.

ಅಮೆರಿಕದಲ್ಲಿ ಮಗಳ ಮನೆಗೆ ಹೋಗಿದ್ದಾಗ ಅವರು ನಮ್ಮಿಬ್ಬರನ್ನು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡೋಕೆ ಕರೆದುಕೊಂಡು ಹೋಗಿದ್ದರು. ಓಲ್ಡ್ ಫೇತ್‌ಫುಲ್ ಅನ್ನುವ ಬಿಸಿನೀರಿನ ಚಿಲುಮೆ ನೋಡಿಕೊಂಡು, ಪೂರ್ವಕ್ಕೆ, ಯೆಲ್ಲೋಸ್ಟೋನ್ ಸರೋವರದ ದಡದ ವೆಸ್ಟ್ ಥಂಬ್ ಕಡೆಗೆ ಹೊರಟೆವು. ಸುಮಾರು 27 ಕಿಲೋಮೀಟರ್ ದಾರಿ, ಎರಡೂ ಕಡೆ ಪೈನ್ ಮರಗಳು. ನಾನು ಭೂಪಟ ತೊಡೆ ಮೇಲೆ ಹಾಸಿಕೊಂಡು ಕೂತಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವನ ಚಟ ಅದು. ಮಗಳು ಇದ್ದಕ್ಕಿದ್ದಂತೆ, "ಅಪ್ಪಾ, ಐಸಾ ಲೇಕ್ ಹಿಂದೆ ಹೋಯ್ತು" ಅಂದಳು. ನಾನು "ಐಸಾ ಅಂದ್ರೆ ಕೈಸಾ?" ಅಂದೆ. ಅಳಿಯ ನಗುತ್ತಾ ಮುಂದೆ ಒಂದು ಕಡೆ ಗಾಡಿ ತಿರುಗಿಸಿದ.

ವಾಪಸ್ ಬಂದು ನೋಡಿದರೆ ಒಂದು ಹೊಂಡ. ರಸ್ತೆ ಒಂದು ಸಣ್ಣ ಸೇತುವೆ ಮೇಲಿಂದ ಅದನ್ನೇ ದಾಟುತ್ತದೆ. ಪಕ್ಕದಲ್ಲಿ ಒಂದು ಬೋರ್ಡು: ಕಾಂಟಿನೆಂಟಲ್ ಡಿವೈಡ್, 8,262 ಅಡಿ. ಅಂದರೆ 2,518 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಜಾಗಕ್ಕಿಂತ ಸುಮಾರು 600 ಮೀಟರ್ ಮೇಲೆ ನಿಂತಿದ್ದೇವೆ. ಆದರೆ ಬೆಟ್ಟದ ತುದಿಯಲ್ಲಿ ಇದ್ದೇವೆ ಅಂತ ಅನಿಸುವುದೇ ಇಲ್ಲ. ಸುತ್ತ ಎಲ್ಲಾ ಮಟ್ಟಸವಾದ ಕಾಡು. ನೀರಿನ ತುಂಬಾ ನೈದಿಲೆ ಎಲೆ. ಹೂ ಹಳದಿ, ಅರ್ಧ ಮುಚ್ಚಿದ ಬಟ್ಟಲಿನ ಹಾಗೆ ಗುಂಡಗೆ. ನನ್ನ ಹೆಂಡತಿ ಒಂದು ನಿಮಿಷ ನೋಡಿ, "ಏನ್ರೀ, ಇದನ್ನ ನೋಡೋಕೆ ಗಾಡಿ ತಿರುಗಿಸಿದ್ರಾ? ನಮ್ಮ ತೋಟದ ಕೆಳಗಿನ ಕೆರೆ ಇದಕ್ಕಿಂತ ದೊಡ್ಡದಿದೆ" ಅಂದಳು. ಅದೂ ನಿಜವೇ.

ಕಾಂಟಿನೆಂಟಲ್ ಡಿವೈಡ್ ಅಂದರೆ ಏನು ಅಂತ ಇಲ್ಲಿರುವ ಮಕ್ಕಳಿಗಾಗಿ ಎರಡು ಮಾತು. ಪಠ್ಯಪುಸ್ತಕದಲ್ಲಿ ಜಲವಿಭಾಜಕ ಅಂತ ಇರುತ್ತದೆ. ಹಂಚಿನ ಮಾಡಿನ ನೆತ್ತಿ ನೋಡಿ. ನೆತ್ತಿಯ ಈಚೆ ಬಿದ್ದ ಮಳೆ ಅಂಗಳಕ್ಕೆ, ಆಚೆ ಬಿದ್ದದ್ದು ಹಿತ್ತಿಲಿಗೆ. ಒಂದು ಇಡೀ ಖಂಡಕ್ಕೆ ಅಂಥ ನೆತ್ತಿ ಇದ್ದರೆ ಅದೇ ಕಾಂಟಿನೆಂಟಲ್ ಡಿವೈಡ್. ಉತ್ತರ ಅಮೆರಿಕದಲ್ಲಿ ಅದು ರಾಕಿ ಬೆಟ್ಟಗಳ ಮೇಲೆ ಹಾದು ಹೋಗುತ್ತದೆ.

ಆದರೆ ಮಾಡಿನ ನೆತ್ತಿ ಚೂಪು. ನೆಲ ಹಾಗಲ್ಲ. ಯೆಲ್ಲೋಸ್ಟೋನಿನ ಈ ಭಾಗ ಹಳೇ ಜ್ವಾಲಾಮುಖಿಯ ಲಾವಾ ಹರಡಿ ಆದ ಪ್ರಸ್ಥಭೂಮಿ. ಹಿಮಯುಗದಲ್ಲಿ ದಪ್ಪ ಮಂಜುಗಡ್ಡೆ ಇದರ ಮೇಲೆ ಕೂತು ಉಜ್ಜಿ ಹೋಗಿದೆ. ಹಾಗಾಗಿ ನೆತ್ತಿ ಎಲ್ಲಿ ಅಂತ ಕಣ್ಣಿಗೆ ಕಾಣುವುದಿಲ್ಲ. ಅಳತೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಆ ಅಳತೆಯ ಗೆರೆ ಹೋಗಿ ಹೋಗಿ ಒಂದು ನೈದಿಲೆ ಕೆರೆಯ ನಡುವೆ ಹಾದಿದೆ.

ನಾನು ಅಲ್ಲಿ ಮಾಡಿದ ಒಂದು ಪೆದ್ದು ಕೆಲಸ ಹೇಳುತ್ತೇನೆ. ದಡದಲ್ಲಿ ಪೈನ್ ಸೂಜಿಗಳು ಬಿದ್ದಿದ್ದವು. ಲಾಡ್ಜ್‌ಪೋಲ್ ಪೈನ್ ಅನ್ನುವ ಮರ, ಎರಡೆರಡು ಸೂಜಿ ಒಂದೇ ಬುಡದಲ್ಲಿ ಜೋಡಿಯಾಗಿರುತ್ತವೆ. ಒಂದು ಜೋಡಿ ತೆಗೆದುಕೊಂಡು (ಬಿದ್ದಿದ್ದೇ, ಕಿತ್ತಿದ್ದಲ್ಲ) ಎಲೆಗಳ ನಡುವೆ ಖಾಲಿ ಇದ್ದ ಕಡೆ ನೀರಿಗೆ ಹಾಕಿದೆ. ಯಾವ ಕಡೆ ಹೋಗುತ್ತದೆ ನೋಡೋಣ ಅಂತ. ಹತ್ತು ನಿಮಿಷ ಕೂತೆ. ಎಲ್ಲೂ ಹೋಗಲಿಲ್ಲ. ಆಮೇಲೆ ಗಾಳಿ ಬಂತು, ತಳ್ಳಿಕೊಂಡು ಹೋಗಿ ಒಂದು ಎಲೆಯ ಅಂಚಿಗೆ ಸಿಕ್ಕಿಸಿತು. ಅಷ್ಟೇ. ಎರಡು ಸಾಗರಕ್ಕೆ ನೀರು ಕೊಡುವ ಕೆರೆ ಅಂತ ಓದಿಕೊಂಡು ಹೋದವನಿಗೆ ಎರಡು ಕಡೆ ಭೋರ್ಗರೆಯುವ ತೊರೆ ಕಾಣುತ್ತದೆ ಅನ್ನೋ ಆಸೆ. ಅಲ್ಲಿ ಒಂದು ತೊಟ್ಟೂ ಹೊರಗೆ ಹೋಗುತ್ತಿರಲಿಲ್ಲ.

ಯಾಕೆ ಅಂದರೆ ಅದು ಜುಲೈ ಕೊನೆ. ಈ ಕೆರೆ ಕೋಡಿ ಬೀಳುವುದು ಹಿಮ ಕರಗುವಾಗ. ಆ ರಸ್ತೆಯನ್ನೇ ನವೆಂಬರ್‌ನಲ್ಲಿ ಕಾರುಗಳಿಗೆ ಮುಚ್ಚುತ್ತಾರೆ, ಮತ್ತೆ ತೆರೆಯುವುದು ಮೇ ತಿಂಗಳಲ್ಲಿ. ಅಷ್ಟು ಹಿಮ. ಜಾಸ್ತಿ ಹಿಮ ಬಿದ್ದ ವರ್ಷ, ಅದು ಭರ್ತಿ ಕರಗುವ ಕೆಲವು ದಿನಗಳಲ್ಲಿ ಮಾತ್ರ ಕೆರೆ ತುಂಬಿ ಎರಡೂ ಕಡೆಯಿಂದ ಹೊರಗೆ ಹರಿಯುತ್ತದೆ. ಉಳಿದ ಕಾಲದಲ್ಲಿ ಸುಮ್ನೆ ನಿಂತ ನೀರು. ಬೋರ್ಡು ಓದುವವರು ಈ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನನಗೆ ಇದೇ ಮುಖ್ಯ ಅನಿಸಿತು.

ಗದ್ದೆ ಮಾಡುವವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಗದ್ದೆ ಅಂಚಿನಲ್ಲಿ ಎರಡು ಕಂಡಿ ಕಡಿದಿದ್ದೀರಿ ಅಂದುಕೊಳ್ಳಿ. ಒಂದು ಕಂಡಿ ಬೆರಳಷ್ಟು ತಗ್ಗಿದ್ದರೆ ಸಾಕು, ನೀರೆಲ್ಲಾ ಅದರಲ್ಲೇ ನುಗ್ಗುತ್ತದೆ. ನುಗ್ಗಿದಷ್ಟೂ ಮಣ್ಣು ಕೊಚ್ಚಿ ಆ ಕಂಡಿ ಇನ್ನೂ ಆಳವಾಗುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಇನ್ನೊಂದು ಕಂಡಿ ಒಣಗಿ ಕೂತಿರುತ್ತದೆ. ಕೆರೆಗಳ ಕಥೆಯೂ ಅಷ್ಟೇ. ಎರಡು ಕಡೆ ಹರಿಯುವ ಕೆರೆ ಜಾಸ್ತಿ ಕಾಲ ಬಾಳುವುದಿಲ್ಲ, ಒಂದು ಕೋಡಿ ಇನ್ನೊಂದನ್ನು ತಿಂದುಬಿಡುತ್ತದೆ. ಐಸಾ ಕೆರೆ ಉಳಿದುಕೊಂಡಿರುವುದು ಅದರ ಬಡತನದಿಂದ ಅಂತ ನನ್ನ ಲೆಕ್ಕ. ಹಿಂದೆ ದೊಡ್ಡ ಜಲಾನಯನ ಇಲ್ಲ. ತಾನೇ ನೆತ್ತಿಯಲ್ಲಿ ಇದೆ, ಇನ್ನು ಮೇಲಿಂದ ಬರುವುದಕ್ಕೆ ಏನಿದೆ? ಕೋಡಿ ಕೊಚ್ಚುವಷ್ಟು ನೀರೇ ಅದರ ಹತ್ತಿರ ಇಲ್ಲ.

ಈಗ ಭೂಪಟಕ್ಕೆ ಬನ್ನಿ. ಇಲ್ಲಿ ನಾನು ಮೊದಲು ಪೂರ್ತಿ ತಪ್ಪು ತಿಳಿದಿದ್ದೆ. ಅಟ್ಲಾಂಟಿಕ್ ಪೂರ್ವಕ್ಕಿದೆ, ಪೆಸಿಫಿಕ್ ಪಶ್ಚಿಮಕ್ಕಿದೆ. ಹಾಗಾದರೆ ಪೂರ್ವದ ಕೋಡಿ ಅಟ್ಲಾಂಟಿಕ್‌ಗೆ, ಪಶ್ಚಿಮದ ಕೋಡಿ ಪೆಸಿಫಿಕ್‌ಗೆ, ಅಲ್ವಾ? ಅಲ್ಲ. ಉಲ್ಟಾ. ಪಶ್ಚಿಮದ ಕಡೆ ಹೊರಟ ನೀರು ಫೈರ್‌ಹೋಲ್ ನದಿಗೆ ಇಳಿಯುತ್ತದೆ. ನಾವು ಬೆಳಿಗ್ಗೆ ನೋಡಿ ಬಂದ ಓಲ್ಡ್ ಫೇತ್‌ಫುಲ್ ಇರುವುದು ಅದೇ ಫೈರ್‌ಹೋಲ್ ದಡದಲ್ಲಿ. ಹಿಮದ ನೀರು ಕುದಿಯುವ ಬುಗ್ಗೆಗಳ ಪಕ್ಕದಲ್ಲೇ ಹಾದು, ಅವುಗಳ ಬಿಸಿನೀರನ್ನೂ ಸೇರಿಸಿಕೊಂಡು, ಮ್ಯಾಡಿಸನ್ ಆಗಿ, ತ್ರೀ ಫೋರ್ಕ್ಸ್ ಹತ್ತಿರ ಮಿಸೌರಿ ಆಗಿ, ಸೇಂಟ್ ಲೂಯಿಸ್ ಬಳಿ ಮಿಸಿಸಿಪ್ಪಿ ಸೇರಿ, ನ್ಯೂ ಆರ್ಲಿಯನ್ಸ್ ದಾಟಿ ಮೆಕ್ಸಿಕೋ ಕೊಲ್ಲಿಗೆ, ಅಂದರೆ ಅಟ್ಲಾಂಟಿಕ್‌ಗೆ ಹೋಗುತ್ತದೆ. ಪೂರ್ವದ ಕಡೆ ಹೊರಟದ್ದು ಶೋಶೋನಿ ಸರೋವರ, ಲೂಯಿಸ್ ನದಿ, ಸ್ನೇಕ್ ನದಿ, ಆಮೇಲೆ ಕೊಲಂಬಿಯಾ. ಕೊನೆಗೆ ಪೆಸಿಫಿಕ್. ಅಂದರೆ ಎರಡೂ ನೀರು ಮೊದಲು ತಮ್ಮ ಸಮುದ್ರಕ್ಕೆ ಬೆನ್ನು ಹಾಕಿ ಹೊರಡುತ್ತವೆ. ನೆತ್ತಿಯ ಗೆರೆ ಉತ್ತರ ದಕ್ಷಿಣವಾಗಿ ನೆಟ್ಟಗೆ ಹೋಗುವುದಿಲ್ಲ, ಇಲ್ಲಿ ಹಾವಿನ ಹಾಗೆ ಸುತ್ತುತ್ತದೆ. ಅದೇ ಕಾರಣ. ನಾವು ಹೋದ ಆ ಒಂದೇ ರಸ್ತೆ ಗೆರೆಯನ್ನು ಎರಡು ಸಲ ದಾಟುತ್ತದೆ. ಅಟ್ಲಾಂಟಿಕ್ ನೀರಿನ ಸೀಮೆಯಿಂದ ಪೆಸಿಫಿಕ್ ಸೀಮೆಗೆ ಹೋಗಿ, ಅರ್ಧ ಗಂಟೆಯೊಳಗೆ ಮತ್ತೆ ಅಟ್ಲಾಂಟಿಕ್ ಸೀಮೆಗೆ ಬಂದೆವು. ಹಿಂದಿನ ಸೀಟಿನಲ್ಲಿ ಒಬ್ಬರು ಆ ಹೊತ್ತಿಗೆ ನಿದ್ದೆ ಹೋಗಿದ್ದರು. ಹೆಸರು ಹೇಳುವುದಿಲ್ಲ, ಮೊದಲ ಸಾಲಿನಲ್ಲೇ ಕೂತಿದ್ದಾರೆ.

ಹೆಸರಿನ ವಿಷಯ ಬಂತಲ್ಲ. 1891ರಲ್ಲಿ ಹೈರಮ್ ಚಿಟೆಂಡೆನ್ ಅನ್ನುವ ಸೈನ್ಯದ ಎಂಜಿನಿಯರ್ ಓಲ್ಡ್ ಫೇತ್‌ಫುಲ್‌ನಿಂದ ವೆಸ್ಟ್ ಥಂಬ್‌ಗೆ ರಸ್ತೆ ಹಾಕೋಕೆ ಜಾಡು ಹುಡುಕುತ್ತಾ ಈ ಕೆರೆಗೆ ಬಂದ. ಎರಡು ವರ್ಷ ಆದಮೇಲೆ ನಾರ್ದರ್ನ್ ಪೆಸಿಫಿಕ್ ರೈಲ್ವೆಯವರು ಸಿನ್ಸಿನಾಟಿಯ ಇಸಬೆಲ್ ಜೆಲ್ಕಿ ಅನ್ನುವವರ ಗೌರವಕ್ಕೆ ಐಸಾ ಅಂತ ಹೆಸರಿಟ್ಟರು. ಆ ಕಣಿವೆ ದಾರಿಗೆ ಕ್ರೇಗ್ ಪಾಸ್ ಅಂತ ಹೆಸರು. ಅದನ್ನು ದಾಟಿದ ಮೊದಲ ಪ್ರವಾಸಿ ಐಡಾ ಕ್ರೇಗ್ ವಿಲ್ಕಾಕ್ಸ್ ಅವರ ಹೆಸರು ಅದು. ಆ ಕಾಲಕ್ಕೆ ಎರಡಕ್ಕೂ ಹೆಂಗಸರ ಹೆಸರು ಬಿದ್ದದ್ದು ಒಳ್ಳೆಯದೇ. ಆದರೆ ಬಿಳಿಯರು ಬರುವ ಮುಂಚೆ ಸಾವಿರಾರು ವರ್ಷ ಆ ಸೀಮೆಯಲ್ಲಿ ಓಡಾಡಿದ ಶೋಶೋನಿ, ಕ್ರೋ, ಬ್ಯಾನಕ್ ಜನರನ್ನು ಯಾರೂ ಕೇಳಲಿಲ್ಲ. ನಮ್ಮ ಕಡೆ ಬ್ರಿಟಿಷರು ಮಾಡಿದ್ದೂ ಅದನ್ನೇ ತಾನೇ. ಅಂದ ಹಾಗೆ ಈ ಚಿಟೆಂಡೆನ್ ಮುಂದೆ ಸಿಯಾಟಲ್‌ಗೆ ಹೋದ. ಸಮುದ್ರದ ಮಟ್ಟದಿಂದ ಸರೋವರದ ಮಟ್ಟಕ್ಕೆ ಹಡಗು ಎತ್ತುವ ಅಲ್ಲಿನ ಲಾಕ್‌ಗಳಿಗೆ ಈಗ ಅವನದೇ ಹೆಸರು. ನಮ್ಮ ಸಾಫ್ಟ್‌ವೇರ್ ಮಕ್ಕಳು ಎಷ್ಟೋ ಜನ ಅಪ್ಪ ಅಮ್ಮಂದಿರನ್ನು ಅದನ್ನು ನೋಡೋಕೆ ಕರೆದುಕೊಂಡು ಹೋಗುತ್ತಾರೆ.

ಜಗತ್ತಿನಲ್ಲಿ ಹೀಗೆ ಎರಡು ಸಾಗರಕ್ಕೆ ಹರಿಯುವ ಸಹಜ ಕೆರೆ ಇದೊಂದೇ ಅಂತ ಬಹಳ ಕಡೆ ಬರೆದಿರುತ್ತಾರೆ. ಇಂಥ "ಒಂದೇ ಒಂದು" ಮಾತುಗಳನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಕೆನಡಾದ ಅಥಬಾಸ್ಕ ಪಾಸ್‌ನಲ್ಲಿ ಕಮಿಟೀಸ್ ಪಂಚ್ ಬೌಲ್ ಅಂತ ಒಂದು ಸಣ್ಣ ಕೆರೆ ಇದೆ. ಅದರ ಬಗ್ಗೆಯೂ ಇದೇ ಮಾತಿದೆ, ಒಂದು ಕಡೆ ಕೊಲಂಬಿಯಾ ಮೂಲಕ ಪೆಸಿಫಿಕ್, ಇನ್ನೊಂದು ಕಡೆ ಅಥಬಾಸ್ಕ ನದಿ ಮೂಲಕ ಆರ್ಕ್‌ಟಿಕ್. ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಜಾರ್ಜ್ ಸಿಂಪ್ಸನ್ 1824ರಲ್ಲಿ ಕಂಪನಿಯ ಕಮಿಟಿಯವರ ಗೌರವಕ್ಕೆ ಆ ಹೆಸರಿಟ್ಟ. ನಡುಗುವ ಚಳಿಯಲ್ಲಿ ಘಟ್ಟ ಹತ್ತಿ ಬಂದವರಿಗೆ ಹೊಂಡ ಕಂಡಾಗ ನೆನಪಾದದ್ದು ಲಂಡನ್ನಿನ ಸಾಹೇಬರು!

ಐಸಾ ಕೆರೆಗಿಂತ ಸೋಜಿಗದ ಜಾಗ ಯೆಲ್ಲೋಸ್ಟೋನಿನ ದಕ್ಷಿಣಕ್ಕೆ ಇದೆ. ಅಲ್ಲಿಗೆ ನಾವು ಹೋಗಲಿಲ್ಲ. ರಸ್ತೆ ಇಲ್ಲ, ನಡೆದೋ ಕುದುರೆ ಮೇಲೋ ಹೋಗಬೇಕು, ನನ್ನ ಮಂಡಿ ಕೇಳಬೇಕಲ್ಲ. ಟೂ ಓಷನ್ ಪಾಸ್ ಅಂತ ಹೆಸರು. ಅಲ್ಲಿ ಕೆರೆಯಲ್ಲ, ಹರಿಯುವ ಹಳ್ಳವೇ ಎರಡಾಗುತ್ತದೆ. ಒಂದು ಕವಲಿಗೆ ಅಟ್ಲಾಂಟಿಕ್ ಕ್ರೀಕ್, ಇನ್ನೊಂದಕ್ಕೆ ಪೆಸಿಫಿಕ್ ಕ್ರೀಕ್ ಅಂತಲೇ ಹೆಸರು. ಕವಲೊಡೆಯುವ ಕಡೆ ಮರಕ್ಕೆ ಒಂದು ಹಲಗೆ ಹೊಡೆದಿದ್ದಾರೆ: ಅಟ್ಲಾಂಟಿಕ್‌ಗೆ 3,488 ಮೈಲಿ, ಪೆಸಿಫಿಕ್‌ಗೆ 1,353 ಮೈಲಿ. ಜಿಮ್ ಬ್ರಿಡ್ಜರ್ ಅನ್ನುವ ಬೇಟೆಗಾರ ಈ ಹಳ್ಳದ ಸುದ್ದಿ ಹೇಳಿದಾಗ ಜನ ನಂಬುವುದು ಕಷ್ಟವಾಯಿತು. ಅವನಿಗೆ ಓದು ಬರಹ ಬರುತ್ತಿರಲಿಲ್ಲ, ಮೇಲಾಗಿ ಬುರುಡೆ ಬಿಡುವುದರಲ್ಲಿ ಹೆಸರುವಾಸಿ. ಆದರೆ ಇದು ಬುರುಡೆಯಲ್ಲ.

ಈ ಹಳ್ಳದಿಂದ ಒಂದು ಒಗಟು ಬಿಡಿಸಿಕೊಂಡಿತು. ಯೆಲ್ಲೋಸ್ಟೋನ್ ಸರೋವರದಲ್ಲಿ ಕಟ್‌ಥ್ರೋಟ್ ಟ್ರೌಟ್ ಅನ್ನುವ ಮೀನಿದೆ. ಗಂಟಲ ಕೆಳಗೆ ಕೆಂಪು ಗೀರು, ಕೊಯ್ದ ಹಾಗೆ ಕಾಣುತ್ತದೆ, ಅದಕ್ಕೆ ಆ ಹೆಸರು. ಆ ಸರೋವರದ ನೀರು ಹೋಗುವುದು ಅಟ್ಲಾಂಟಿಕ್ ಕಡೆಗೆ. ಹಾದಿಯಲ್ಲಿ 308 ಅಡಿಯ ಜಲಪಾತ ಇದೆ. ನಮ್ಮ ಜೋಗದ ಮುಂದೆ ಚಿಕ್ಕದು, 253 ಮೀಟರ್ ಎಲ್ಲಿ, 94 ಮೀಟರ್ ಎಲ್ಲಿ! ಆದರೂ ಕೆಳಗಿನ ಮೀನು ಅದನ್ನು ಹತ್ತಿ ಬರುವ ಮಾತೇ ಇಲ್ಲ. ಹಾಗಾದರೆ ಮೇಲೆ ಮೀನು ಹೇಗೆ ಬಂತು? ಹಿಮಯುಗ ಮುಗಿದ ಮೇಲೆ ಪೆಸಿಫಿಕ್ ಕಡೆಯಿಂದ, ಸ್ನೇಕ್ ನದಿಯಿಂದ ಹತ್ತಿ, ಟೂ ಓಷನ್ ಪಾಸ್‌ನ ಹಳ್ಳದಲ್ಲಿ ಈಜಿ ಆಚೆ ಇಳಿಯಿತು. ಚಿಟೆಂಡೆನ್ ಐಸಾ ಕೆರೆ ನೋಡಿದ ಅದೇ 1891ರಲ್ಲಿ ಬಾರ್ಟನ್ ಎವರ್‌ಮನ್ ಅನ್ನುವ ಮೀನಿನ ವಿಜ್ಞಾನಿ ಅಲ್ಲಿಗೆ ಹೋಗಿ, ಮೀನು ದಾಟೋಕೆ ಅಲ್ಲಿ ಏನೂ ಅಡ್ಡಿಯಿಲ್ಲ ಅಂತ ಕಂಡುಕೊಂಡ. ಒಂದು ಖಂಡದ ನೆತ್ತಿಯನ್ನು ಮೀನು ಈಜಿ ದಾಟಿದೆ ಅಂದರೆ ಆ ನೆತ್ತಿ ಎಂಥದ್ದು ಅಂತ ನೀವೇ ಯೋಚಿಸಿ.

ಇದಕ್ಕೆ ಒಂದು ಕೆಟ್ಟ ಮುಂದುವರಿಕೆಯೂ ಇದೆ. ಪೆಸಿಫಿಕ್ ಬದಿಯ ಲೂಯಿಸ್ ಸರೋವರದಲ್ಲಿ, ಶೋಶೋನಿ ಸರೋವರದಲ್ಲಿ ಮೊದಲು ಮೀನೇ ಇರಲಿಲ್ಲ, ಕೆಳಗಿನ ಜಲಪಾತ ತಡೆದಿತ್ತು. 1890ರಲ್ಲಿ ಸರ್ಕಾರದವರೇ ಬೇರೆ ಕಡೆಯ ಲೇಕ್ ಟ್ರೌಟ್ ತಂದು ಬಿಟ್ಟರು. ನೂರು ವರ್ಷ ಅದು ಅಲ್ಲೇ ಇತ್ತು. 1994ರಲ್ಲಿ ಅದೇ ಜಾತಿಯ ಮೀನು ಯೆಲ್ಲೋಸ್ಟೋನ್ ಸರೋವರದಲ್ಲಿ ಸಿಕ್ಕಿತು. ಮೀನಿನ ಕಿವಿಯೊಳಗೆ ಸಣ್ಣ ಕಲ್ಲಿನಂಥದ್ದು ಇರುತ್ತದೆ, ಮೀನು ಬೆಳೆದ ನೀರಿನ ಗುರುತು ಅದರಲ್ಲಿ ಉಳಿಯುತ್ತದೆ. ಅದನ್ನು ಪರೀಕ್ಷೆ ಮಾಡಿ ಇವು ಲೂಯಿಸ್ ಸರೋವರದಿಂದ ಬಂದಿರಬೇಕು ಅಂದರು. ಯಾರೋ ಹಿಡಿದು ತಂದು ಬಿಟ್ಟಿದ್ದಾರೆ. ಈ ದೊಡ್ಡ ಮೀನು ಕಟ್‌ಥ್ರೋಟನ್ನು ತಿನ್ನುತ್ತದೆ. ಮೊಟ್ಟೆಯಿಡೋಕೆ ತೊರೆಗೆ ಬರುವ ಕಟ್‌ಥ್ರೋಟನ್ನು ಹಿಡಿದು ತಿನ್ನುತ್ತಿದ್ದ ಕರಡಿಗೆ, ಮೀನುಗಿಡುಗಕ್ಕೆ ಊಟ ಕಡಿಮೆಯಾಯಿತು. ಲೇಕ್ ಟ್ರೌಟ್ ಆಳದಲ್ಲಿ ಇರುತ್ತದೆ, ಅವುಗಳಿಗೆ ಸಿಗುವುದಿಲ್ಲ. ಈಗ ಪಾರ್ಕಿನವರು ವರ್ಷ ವರ್ಷವೂ ಬಲೆ ಹಾಕಿ ಲೇಕ್ ಟ್ರೌಟ್ ಹಿಡಿದು ಕೊಲ್ಲುತ್ತಿದ್ದಾರೆ.

ಮಧ್ಯದಲ್ಲಿ ಒಬ್ಬರು ಕೇಳಿದರು, ನಮ್ಮ ಕಡೆ ಇಂಥದ್ದು ಇಲ್ವಾ ಅಂತ. ಗೆರೆ ಇದೆ. ಪಶ್ಚಿಮ ಘಟ್ಟವೇ ನಮ್ಮ ನೆತ್ತಿ. ಸಕಲೇಶಪುರ ತಾಲ್ಲೂಕಿನ ಬಿಸಿಲೆ ಘಾಟ್ ರಸ್ತೆಯಲ್ಲಿ ಇದನ್ನು ತೋರಿಸುವ ಒಂದು ಕಲ್ಲೇ ಇದೆ. ಒಂದು ಬದಿಗೆ ಬಿದ್ದ ಮಳೆ ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಇನ್ನೊಂದು ಬದಿಯದು ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಅಷ್ಟು ದೂರ ಯಾಕೆ, ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ನೋಡಿ. ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊನ್ನಾವರಕ್ಕೆ ಹೋಗುತ್ತಾಳೆ. ಪೇಟೆ ಪಕ್ಕದಲ್ಲಿ ಹರಿಯುವ ತುಂಗೆ ಪೂರ್ವಕ್ಕೆ ಹೋಗಿ ಕೊನೆಗೆ ಕೃಷ್ಣೆಯನ್ನು ಸೇರುತ್ತಾಳೆ. ಎರಡರ ನಡುವೆ ನಾವು ದಿನಾ ಬಸ್ಸಿನಲ್ಲಿ ಓಡಾಡುತ್ತೇವೆ, ಗೆರೆ ದಾಟಿದ್ದು ಗೊತ್ತೇ ಆಗುವುದಿಲ್ಲ. ಒಂದು ತಕರಾರು ಮಾತ್ರ ಇದೆ. ನಮ್ಮ ಎರಡು ಸಮುದ್ರವೂ ಹಿಂದೂ ಮಹಾಸಾಗರದ ತುಂಡುಗಳೇ.

ಹಾಗೆ ಹೇಳಿದ ಕೂಡಲೇ ಎತ್ತಿನಹೊಳೆ ಮಾತು ಬಂತು. ಬರುತ್ತದೆ ಅಂತ ಗೊತ್ತಿತ್ತು. ಪಶ್ಚಿಮಕ್ಕೆ ಹರಿಯುವ ನೀರನ್ನು ಪಂಪು ಹಾಕಿ ಎತ್ತಿ ಪೂರ್ವದ ಬರದ ಜಿಲ್ಲೆಗಳಿಗೆ ಕೊಡುವ ಯೋಜನೆ. ಗೆರೆ ದಾಟಿಸುವ ಕೆಲಸ ಅಮೆರಿಕದಲ್ಲಿ ಹಳೆಯದು. ಕೊಲರಾಡೋದಲ್ಲಿ ಗ್ರ್ಯಾಂಡ್ ಡಿಚ್ ಅಂತ ಒಂದು ಕಾಲುವೆ ಇದೆ. 1890ರಲ್ಲಿ ಶುರುವಾಗಿ 1936ರಲ್ಲಿ ಮುಗಿಯಿತು. ಮೂರು ಸಾವಿರ ಮೀಟರಿಗಿಂತ ಎತ್ತರದಲ್ಲಿ ಬೆಟ್ಟದ ಪಕ್ಕೆ ಸೀಳಿಕೊಂಡು, ಪಶ್ಚಿಮದ ನೀರನ್ನು ಪೂರ್ವದ ಹೊಲಗಳಿಗೆ ಒಯ್ಯುತ್ತದೆ. ಅಲ್ಲೇ ಬೆಟ್ಟದ ಅಡಿಯಲ್ಲಿ 21 ಕಿಲೋಮೀಟರ್ ಸುರಂಗ ಕೊರೆದು 1947ರಿಂದ ಇನ್ನೂ ಜಾಸ್ತಿ ನೀರು ದಾಟಿಸುತ್ತಿದ್ದಾರೆ. ಪೂರ್ವದವರು ಬೆಳೆ ತೆಗೆದರು, ಊರು ಕಟ್ಟಿದರು. ಪಶ್ಚಿಮದ ಹೊಳೆಗಳು ಸೊರಗಿದವು. ಎರಡೂ ನಿಜ. ಕೋಲಾರದವರ ಬಾಯಾರಿಕೆಯನ್ನು ನಾನು ಲಘುವಾಗಿ ನೋಡುವುದಿಲ್ಲ. ಆದರೆ ಹೊಳೆಯ ಮೂಲದಲ್ಲಿ ನೀರು ಎಷ್ಟಿದೆ ಅಂತ ಮಳೆಗಾಲದಲ್ಲಿ ಮಾತ್ರ ನೋಡಿ ಲೆಕ್ಕ ಹಾಕಬಾರದು ಅಂತ ನನ್ನ ಅಭಿಪ್ರಾಯ. ಐಸಾ ಕೆರೆಯನ್ನು ಮೇ ತಿಂಗಳಲ್ಲಿ ನೋಡಿದವನಿಗೂ ಜುಲೈನಲ್ಲಿ ನೋಡಿದವನಿಗೂ ಕಾಣುವುದು ಬೇರೆ ಬೇರೆ ಕೆರೆ.

ಎಲ್ಲಾ ಮುಗಿದು ಕಾಫಿ ತರುವ ಹೊತ್ತಿಗೆ, ಏಳನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಸರಿಯಾಗಿ ಕೆರೆ ಮಧ್ಯದಲ್ಲೇ ಒಂದು ಹನಿ ಬಿದ್ರೆ ಅದು ಯಾವ ಕಡೆ ಹೋಗುತ್ತೆ?"

ಹೆಚ್ಚಾಗಿ ಯಾವ ಕಡೆಗೂ ಇಲ್ಲ ಅಂದೆ. ಬೇಸಿಗೆಯಾದರೆ ಬಿಸಿಲಿಗೆ ಆವಿಯಾಗುತ್ತದೆ, ಇಲ್ಲವೇ ನೈದಿಲೆ ಬೇರು ಕುಡಿಯುತ್ತದೆ. ಚಳಿಗಾಲವಾದರೆ ಮಂಜುಗಡ್ಡೆಯಾಗಿ ಮೇ ತನಕ ಅಲ್ಲೇ ಕೂತಿರುತ್ತದೆ. ಹುಡುಗನಿಗೆ ಸಮಾಧಾನವಾಗಲಿಲ್ಲ. "ಅಲ್ಲ ಸಾರ್, ಆದ್ರೂ, ಕೋಡಿ ಬಿದ್ದ ದಿನ?" ಅಂದ.

ಕೋಡಿ ಬಿದ್ದ ದಿನ ಗಾಳಿ ಯಾವ ಕಡೆ ಬೀಸುತ್ತಿದೆ ನೋಡಬೇಕು ಅಂದೆ. ಅವನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.